ಹಳೆಯ ವೈನ್: ನಾಲಿಗೆಗೆ ಸರಿ, ಹೃದಯಕ್ಕೆ ಮದ್ದೇ?

ದಾವಣಗೆರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಫ್ರಾನ್ಸಿನ ತೂಲೂಸ್ ನಗರದಲ್ಲಿ ಎಂಜಿನಿಯರ್. ಕಳೆದ ಸಲ ಊರಿಗೆ ಬಂದಾಗ ತಂದೆಗೆಂದು ಒಂದು ಬಾಟಲಿ ಕೆಂಪು ವೈನ್ ತಂದಿದ್ದನಂತೆ. ಬೋರ್ಡೊ ಪ್ರದೇಶದ ಪೊಯಾಕ್ ಎಂಬ ಊರಿನದು. ಮುಂದಿನದನ್ನು ಅವರ ಮಾತಿನಲ್ಲೇ ಕೇಳಿ:

"ಇದು ಸಾಮಾನ್ಯ ವೈನ್ ಅಲ್ಲ, ಇಟ್ಟಷ್ಟೂ ರುಚಿ ಏರುತ್ತದೆ, ಹತ್ತು ವರ್ಷ ಬಿಟ್ಟು ತೆಗೆಯಬೇಕು ಎಂದು ಮಗ ಹೇಳಿ ಹೋದ. ಅದು ಬೀರುವಿನಲ್ಲಿದೆ. ಆದರೆ ಅದೇ ನೆಪದಲ್ಲಿ ನಮ್ಮ ಯಜಮಾನರು ಪೇಟೆಯಿಂದ ಬೇರೆ ಬಾಟಲಿ ತರಿಸಿ ದಿನಾ ರಾತ್ರಿ ಊಟಕ್ಕೆ ಮುಂಚೆ ಒಂದು ಲೋಟ ಕುಡಿಯಲು ತೊಡಗಿದ್ದಾರೆ. ಅವರಿಗೆ 66 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಅದುವರೆಗೆ ಮದ್ಯ ಮುಟ್ಟಿದವರೇ ಅಲ್ಲ. ಕೇಳಿದರೆ, ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು, ಫ್ರಾನ್ಸಿನವರನ್ನು ನೋಡು ಎನ್ನುತ್ತಾರೆ. ಈಚೆಗೆ ಬೆಳಗಿನ ವಾಕಿಂಗ್ ತಪ್ಪುತ್ತಿದೆ. ಕೊಲೆಸ್ಟರಾಲ್ ಮಾತ್ರೆಯನ್ನೂ ಮರೆಯುತ್ತಾರೆ. ಇದು ಔಷಧವೋ ಅಲ್ಲವೋ, ನೀವೇ ಹೇಳಿ."

ಓದುಗರೇ, ಈ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಗಂಟು ಬಿದ್ದಿವೆ. ಒಂದು, ವರ್ಷಗಟ್ಟಲೆ ಇಟ್ಟು ಸವಿಯುವ ಫ್ರೆಂಚ್ ಕೆಂಪು ವೈನಿನ ರುಚಿ. ಅದು ನಿಜವಾದದ್ದು. ಅದನ್ನು ಅಳೆಯುವ ವಿದ್ಯೆಯೇ ಫ್ರಾನ್ಸಿನಲ್ಲಿ ಬೆಳೆದಿದೆ. ಇನ್ನೊಂದು, ಆ ವೈನ್ ಹೃದಯಕ್ಕೆ ಮದ್ದು ಎಂಬ ನಂಬಿಕೆ. ಅದು ಪರೀಕ್ಷೆಗೆ ನಿಂತಾಗ ಉಳಿಯಲಿಲ್ಲ. ಮೊದಲನೆಯದಕ್ಕೆ ಸಲ್ಲಬೇಕಾದ ಗೌರವವನ್ನು ಎರಡನೆಯದಕ್ಕೂ ಕೊಟ್ಟುಬಿಟ್ಟಿರುವುದೇ ತೊಂದರೆಯ ಮೂಲ. ಆರೋಗ್ಯದ ಅಂಕಣದಲ್ಲಿ ಮದ್ಯದ ರುಚಿಯ ಮಾತೇಕೆ ಎಂದು ಹುಬ್ಬೇರಿಸಬೇಡಿ. ಬಲ್ಲವರು ವೈನನ್ನು ಹೇಗೆ ಪರೀಕ್ಷಿಸುತ್ತಾರೆಂದು ತಿಳಿದರೆ ಈ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರುಚಿ ನೋಡುವ ಕ್ರಮ

ಫ್ರಾನ್ಸಿನ ನೈಋತ್ಯದಲ್ಲಿ ಜಿರೋಂಡ್ ಎಂಬ ಅಗಲವಾದ ನದೀಮುಖವಿದೆ. ಅದರ ಎಡದಂಡೆಯ ನೊರಜುಗಲ್ಲಿನ ನೆಲದಲ್ಲಿ ಮೆಡಾಕ್ ಸೀಮೆಯ ದ್ರಾಕ್ಷಿತೋಟಗಳಿವೆ. ಪೊಯಾಕ್ ಇರುವುದು ಇಲ್ಲೇ. 1855ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನಕ್ಕಾಗಿ ಇಲ್ಲಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಆ ಪಟ್ಟಿ ಸಣ್ಣಪುಟ್ಟ ಬದಲಾವಣೆಗಳೊಡನೆ ಇಂದಿಗೂ ನಡೆಯುತ್ತಿದೆ. ಇಲ್ಲಿಯ ಮುಖ್ಯ ದ್ರಾಕ್ಷಿ ಕ್ಯಾಬರ್ನೆ ಸೊವಿನ್ಯೋಂ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ.

ಪ್ರತಿ ವರ್ಷ ವಸಂತದಲ್ಲಿ, ಹಿಂದಿನ ಸುಗ್ಗಿಯ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ವ್ಯಾಪಾರಿಗಳೂ ವಿಮರ್ಶಕರೂ ಬೋರ್ಡೊಗೆ ಬಂದು ರುಚಿ ನೋಡುತ್ತಾರೆ. ಒಂದೇ ದಿನ ಹತ್ತಾರು ಮಾದರಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1977ರಲ್ಲಿ ಇದಕ್ಕೆಂದೇ ಒಂದು ಗ್ಲಾಸಿನ ಅಳತೆಯನ್ನು ಗೊತ್ತುಮಾಡಿದೆ. ಕೆಳಗೆ ಉಬ್ಬಿ ಬಾಯಿಯ ಕಡೆ ಕಿರಿದಾಗುವ, ಸುಮಾರು 215 ಮಿಲಿಲೀಟರ್ ಹಿಡಿಯುವ ಗ್ಲಾಸು. ಅದರಲ್ಲಿ ಸುರಿಯುವುದು 50 ಮಿಲಿಲೀಟರ್ ಮಾತ್ರ. ಉಳಿದ ಜಾಗ ಪರಿಮಳಕ್ಕೆ.

ಮೊದಲು ಕಣ್ಣು. ಗ್ಲಾಸನ್ನು ಬಿಳಿಯ ಬಟ್ಟೆಯ ಮೇಲೆ ವಾಲಿಸಿ ಅಂಚಿನ ಬಣ್ಣ ನೋಡುತ್ತಾರೆ. ಎಳೆಯ ವೈನಿಗೆ ನೇರಳೆ ಹಣ್ಣಿನ ಬಣ್ಣ. ವಯಸ್ಸಾದಂತೆ ಅದು ಮಾಣಿಕ್ಯದ ಕೆಂಪಿಗೆ, ಆಮೇಲೆ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಫ್ರೆಂಚರೂ ಅದನ್ನು ಹೆಂಚಿನ ಬಣ್ಣ ಎಂದೇ ಕರೆಯುತ್ತಾರೆ.

ಎರಡನೆಯದು ಮೂಗು. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸುತ್ತಾರೆ. ಎಳೆಯ ಪೊಯಾಕಿನಲ್ಲಿ ಕಪ್ಪು ಹಣ್ಣುಗಳ ವಾಸನೆ, ಹೊಸ ಪೆನ್ಸಿಲ್ ಕೆತ್ತಿದಾಗ ಬರುವ ಮರದ ವಾಸನೆ. ಇಪ್ಪತ್ತು ವರ್ಷ ಕಳೆದ ಬಾಟಲಿಯಲ್ಲಿ ಹೊಗೆಸೊಪ್ಪು, ಚರ್ಮ, ಮಳೆಗೆ ನೆನೆದ ಎಲೆಗಳ ನೆನಪು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಅದರಿಂದ ಆರೋಗ್ಯಕ್ಕೆ ಹಾನಿಯಿಲ್ಲ, ವೈನ್ ಮಾತ್ರ ಹಾಳು.

ಮೂರನೆಯದು ಬಾಯಿ. ಒಂದು ಗುಟುಕನ್ನು ಬಾಯಿತುಂಬ ಹೊರಳಿಸುತ್ತಾರೆ. ತುಟಿಯ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಳ್ಳುತ್ತಾರೆ. ಆ ಗಾಳಿ ಪರಿಮಳವನ್ನು ಗಂಟಲಿನ ಹಿಂದಿನಿಂದ ಮೂಗಿಗೆ ಮುಟ್ಟಿಸುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಮೂಗಿನದು. ನೆಗಡಿಯಾದಾಗ ಸಾರು ಸಪ್ಪೆ ಎನಿಸುವುದೂ ಇದರಿಂದಲೇ.

ಆಮೇಲೆ? ಆಮೇಲೆ ಪಕ್ಕದ ಪೀಕದಾನಿಗೆ ಉಗುಳುತ್ತಾರೆ.

ಹೌದು, ಉಗುಳುತ್ತಾರೆ. ಸಾವಿರಾರು ರೂಪಾಯಿ ಬೆಲೆಯ ವೈನನ್ನು ಅದರ ತೀರ್ಪುಗಾರರು ನುಂಗುವುದಿಲ್ಲ. ಉಗುಳಿದ ಮೇಲೆ ಬಾಯಲ್ಲಿ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸುತ್ತಾರೆ. ಫ್ರೆಂಚರು ಇದಕ್ಕೊಂದು ಮಾನ ಇಟ್ಟುಕೊಂಡಿದ್ದಾರೆ. ಅದರ ಹೆಸರು 'ಕೋದಾಲಿ', ಬಾಲ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಒಂದು ಸೆಕೆಂಡು ನಿಂತರೆ ಒಂದು ಕೋದಾಲಿ. ಸಾಧಾರಣ ವೈನಿನ ಬಾಲ ಕೆಲವೇ ಸೆಕೆಂಡು. ಒಳ್ಳೆಯದರದು ಬಹಳ ಉದ್ದ. ಈ ಒಂದು ಅಂಶವನ್ನು ದಯವಿಟ್ಟು ನೆನಪಿನಲ್ಲಿಡಿ. ವೈನಿನ ದೊಡ್ಡತನವನ್ನು ಅಳೆಯುವ ಮುಖ್ಯ ಅಳತೆಯೊಂದು ನಡೆಯುವುದು ವೈನ್ ಬಾಯಿಂದ ಆಚೆ ಹೋದ ಮೇಲೆ.

ಒಗರಿನ ಗುಟ್ಟು

ಯಾವ ವೈನ್ ಹತ್ತಾರು ವರ್ಷ ಬಾಳುತ್ತದೆಂದು ಎಳೆಯದರಲ್ಲೇ ಹೇಗೆ ಹೇಳುತ್ತಾರೆ? ಮುಖ್ಯವಾಗಿ ಮೂರನ್ನು ನೋಡುತ್ತಾರೆ: ಒಗರು, ಹುಳಿ ಮತ್ತು ಹಣ್ಣಿನ ಸಾಂದ್ರತೆ. ಮೂರೂ ಧಾರಾಳವಾಗಿರಬೇಕು, ಒಂದು ಇನ್ನೊಂದನ್ನು ತುಳಿಯಬಾರದು.

ಒಗರು ಏನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಎಳೆ ಅಡಿಕೆ, ಬಾಳೆಕಾಯಿ, ನೆಲ್ಲಿಕಾಯಿ, ಹಾಲಿಲ್ಲದ ಗಟ್ಟಿ ಚಹಾ ಬಾಯಲ್ಲಿ ಮಾಡುವ ಕೆಲಸವೇ ಅದು. ಅದಕ್ಕೆ ಕಾರಣ ಟ್ಯಾನಿನ್ ಎಂಬ ವಸ್ತು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದಲೂ, ಓಕ್ ಮರದ ಪೀಪಾಯಿಯಿಂದಲೂ ಅದು ವೈನಿಗೆ ಇಳಿಯುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುವಿಕೆಯನ್ನು ಕಿತ್ತುಕೊಳ್ಳುತ್ತದೆ. ಬಾಯಿ ಒಣಗಿ ಬಿಗಿದಂತಾಗುತ್ತದೆ.

ಒಗರು ಎಷ್ಟಿದೆ ಎಂಬುದಕ್ಕಿಂತ ಹೇಗಿದೆ ಎಂಬುದು ಬಲ್ಲವರಿಗೆ ಮುಖ್ಯ. ಕಾಯಿಯ ಒಗರು ಒರಟು. ಅದು ಎಷ್ಟು ವರ್ಷ ಇಟ್ಟರೂ ಪಳಗುವುದಿಲ್ಲ. ಚೆನ್ನಾಗಿ ಮಾಗಿದ ಹಣ್ಣಿನ ಒಗರು ನಯವಾದ ಬಟ್ಟೆಯಂತೆ ನಾಲಿಗೆಯನ್ನು ಸವರುತ್ತದೆ. ಹುಳಿಯ ವಿಷಯದಲ್ಲಿ ನಮ್ಮ ಗಾದೆಯೇ ಸಾಕು: ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ? ವರ್ಷಗಳು ಉರುಳಿ ಹಣ್ಣಿನ ಸೊಗಸು ತಗ್ಗಿದಾಗ ವೈನಿಗೆ ಬೆನ್ನೆಲುಬಾಗಿ ನಿಲ್ಲುವುದು ಆ ಹುಳಿಯೇ.

ಬಾಟಲಿಯಲ್ಲಿ ನಡೆಯುವುದು ನಿಧಾನವಾದ ರಸಾಯನ ಕ್ರಿಯೆ. ಟ್ಯಾನಿನ್ ಕಣಗಳು ತಮ್ಮಲ್ಲೇ ಕೂಡಿಕೊಳ್ಳುತ್ತವೆ, ಬಣ್ಣದ ಕಣಗಳನ್ನೂ ಕೂಡಿಸಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಪಾಲು ಗಸಿಯಾಗಿ ತಳ ಸೇರುತ್ತದೆ. ಬಣ್ಣ ತಿಳಿಯಾಗುತ್ತದೆ, ಒಗರು ಮೆತ್ತಗಾಗುತ್ತದೆ, ಹೊಸ ಪರಿಮಳಗಳು ಹುಟ್ಟುತ್ತವೆ. ಇದಕ್ಕೆ ಕತ್ತಲೆ ಬೇಕು, ತೇವ ಬೇಕು, ವರ್ಷವಿಡೀ 12-13 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಬೇಕು. ಬಿರಡೆ ಒಣಗದಂತೆ ಬಾಟಲಿಯನ್ನು ಮಲಗಿಸಿಡಬೇಕು. ಎಲ್ಲ ವೈನ್ ಹೀಗೆ ಬಾಳುವುದೂ ಇಲ್ಲ. ಜಗತ್ತಿನಲ್ಲಿ ತಯಾರಾಗುವ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಮುಗಿಸಬೇಕಾದದ್ದು.

ಇಲ್ಲಿ ವೈದ್ಯಕೀಯ ದೃಷ್ಟಿಯಿಂದ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ವೈನಿನ ಒಳ್ಳೆಯ ಗುಣವೆಂದು ಹೊಗಳಿಸಿಕೊಳ್ಳುವ ಪಾಲಿಫೀನಾಲ್‌ಗಳಲ್ಲಿ ಟ್ಯಾನಿನ್ನೂ ಸೇರಿದೆ. ಅದರಲ್ಲಿ ಒಂದು ಪಾಲು ಗಸಿಯಾಗುವಾಗ, ಹಳೆಯದಾದಷ್ಟೂ ಔಷಧ ಗುಣ ಹೆಚ್ಚು ಎಂಬ ಮಾತಿಗೆ ಆಧಾರವೆಲ್ಲಿದೆ? ಎರಡು, ಬಿರಡೆ ಹಾಕಿದ ಬಾಟಲಿಯಲ್ಲಿ ಮದ್ಯಸಾರ ಕಡಿಮೆಯಾಗುವುದಿಲ್ಲ. ಶೇಕಡ 13 ಇದ್ದದ್ದು ಮೂವತ್ತು ವರ್ಷವಾದರೂ ಹೆಚ್ಚುಕಡಿಮೆ ಅಷ್ಟೇ. ನಾಲಿಗೆಯನ್ನು ಎಚ್ಚರಿಸುತ್ತಿದ್ದ ಒಗರು ಮಾತ್ರ ಮೆತ್ತಗಾಗಿರುತ್ತದೆ. ಹಳೆಯ ವೈನ್ 'ಸೌಮ್ಯ' ಎನ್ನುವುದು ಬಾಯಿಗೆ ಮಾತ್ರ ನಿಜ.

ಲೇಬಲ್ ಮುಚ್ಚಿ ನೋಡಿ

ಬೋರ್ಡೊದ ವೈನ್ ವಿಜ್ಞಾನಿ ಎಮಿಲ್ ಪೇನೊ (1912-2004) ವೈನಿನ ರುಚಿಯ ಬಗ್ಗೆ 1980ರಲ್ಲಿ ಒಂದು ಇಡೀ ಪುಸ್ತಕ ಬರೆದವರು. ಇಂಥ ತಜ್ಞರು ಬೆಳೆಸಿದ ಶಿಸ್ತಿನಲ್ಲಿ ಮುಖ್ಯವಾದದ್ದು, ಬಾಟಲಿಯ ಹೆಸರು ಕಾಣದಂತೆ ಮುಚ್ಚಿ ರುಚಿ ನೋಡುವುದು. ಏಕೆಂದರೆ ನಮ್ಮ ನಾಲಿಗೆ ನಾವೆಣಿಸಿದಷ್ಟು ಪ್ರಾಮಾಣಿಕವಲ್ಲ.

2001ರಲ್ಲಿ ಪ್ರಕಟವಾದ ಬೋರ್ಡೊದ ಒಂದು ಪ್ರಯೋಗವನ್ನು ನೋಡಿ. ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ಬಿಳಿಯ ವೈನನ್ನೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತ್ತು.

ಇನ್ನೊಂದು ಪ್ರಸಿದ್ಧ ಘಟನೆ 1976ರ ಮೇ 24ರಂದು ಪ್ಯಾರಿಸಿನಲ್ಲಿ ನಡೆದದ್ದು. ಫ್ರೆಂಚ್ ತೀರ್ಪುಗಾರರು ಲೇಬಲ್ ಕಾಣದಂತೆ ರುಚಿ ನೋಡಿ, ಬೋರ್ಡೊದ ಅತಿ ಪ್ರಸಿದ್ಧ ತೋಟಗಳ ಕೆಂಪು ವೈನನ್ನು ಹಿಂದಿಕ್ಕಿ ಅಮೆರಿಕದ ಕ್ಯಾಲಿಫೋರ್ನಿಯದ ಒಂದು ವೈನಿಗೆ ಮೊದಲ ಸ್ಥಾನ ಕೊಟ್ಟರು. ಕ್ಯಾಲಿಫೋರ್ನಿಯದ್ದು ಈಗ ಚೆನ್ನಾಗಿರಬಹುದು, ವಯಸ್ಸಾದರೆ ಬಾಳುವುದಿಲ್ಲ ಎಂದು ಫ್ರೆಂಚರು ಸಮಾಧಾನ ಮಾಡಿಕೊಂಡರು. ಮೂವತ್ತು ವರ್ಷದ ನಂತರ, 2006ರಲ್ಲಿ, ಅವೇ ವೈನುಗಳನ್ನು ಮತ್ತೆ ಪರೀಕ್ಷಿಸಿದಾಗ ಮೊದಲು ಬಂದದ್ದು ಮತ್ತೆ ಕ್ಯಾಲಿಫೋರ್ನಿಯದ್ದೇ, 1971ರ ಸುಗ್ಗಿಯದು. ಲೇಬಲ್ ಮುಚ್ಚಿ, ಕಾಲ ಕಳೆಯಲು ಬಿಟ್ಟು, ಮತ್ತೆ ನೋಡಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ವೈದ್ಯವಿಜ್ಞಾನದ ಪರೀಕ್ಷೆಯೂ ಇದೇ. ಈಗ ಅದೇ ಕ್ರಮದಲ್ಲಿ 'ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು' ಎಂಬ ಮಾತನ್ನೂ ಪರೀಕ್ಷಿಸೋಣ.

ಫ್ರೆಂಚರ ಒಗಟು

ಈ ಮಾತು ಮನೆಮನೆಗೆ ಹಬ್ಬಿದ್ದು 1991ರ ನವೆಂಬರ್ 17ರಂದು. ಅಂದು ಅಮೆರಿಕದ ಸಿಬಿಎಸ್ ದೂರದರ್ಶನ 'ಫ್ರೆಂಚರ ವಿರೋಧಾಭಾಸ'ದ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ಫ್ರೆಂಚರು ಬೆಣ್ಣೆ, ಗಿಣ್ಣು, ಮಾಂಸ ಧಾರಾಳವಾಗಿ ತಿನ್ನುತ್ತಾರೆ. ಆದರೂ ಅವರಲ್ಲಿ ಹೃದಯಾಘಾತದ ಸಾವು ಕಡಿಮೆ. ಕಾರಣ ಕೆಂಪು ವೈನ್ ಇರಬಹುದು ಎಂಬುದು ಅದರ ಸಾರ. ಅದರಲ್ಲಿ ಮಾತನಾಡಿದ ವಿಜ್ಞಾನಿ ಸೆರ್ಜ್ ರೆನೊ 1992ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೇ ವಿಚಾರದ ಲೇಖನ ಪ್ರಕಟಿಸಿದರು. ಅಮೆರಿಕದಲ್ಲಿ ಕೆಂಪು ವೈನಿನ ಮಾರಾಟ ಏರಿತು. ಆ ಅಲೆ ನಮ್ಮೂರಿನ ಬೀರುವಿನವರೆಗೂ ಬಂದಿದೆ.

ಅದೇ 1991ರ ಜನವರಿಯಲ್ಲಿ ಫ್ರಾನ್ಸ್ ಏನು ಮಾಡಿತ್ತು ಗೊತ್ತೇ? ಮದ್ಯದ ಜಾಹೀರಾತಿಗೆ ಕಡಿವಾಣ ಹಾಕುವ, ಅತಿಯಾದ ಮದ್ಯ ಆರೋಗ್ಯಕ್ಕೆ ಅಪಾಯಕಾರಿ ಎಂಬ ಎಚ್ಚರಿಕೆಯನ್ನು ಅದರಲ್ಲಿ ಕಡ್ಡಾಯ ಮಾಡುವ ಕಾನೂನು ತಂದಿತ್ತು. ಫ್ರೆಂಚರಿಗೆ ತಮ್ಮ ಯಕೃತ್ತಿನ ಸ್ಥಿತಿ ಗೊತ್ತಿತ್ತು.

ಮುಂದಿನ ವರ್ಷಗಳಲ್ಲಿ ಈ ಒಗಟು ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. 1999ರಲ್ಲಿ ಬ್ರಿಟನ್ನಿನ ಇಬ್ಬರು ತಜ್ಞರು ಇನ್ನೊಂದು ಕಾರಣವನ್ನು ಮುಂದಿಟ್ಟರು. ಫ್ರೆಂಚರ ಊಟದಲ್ಲಿ ಪ್ರಾಣಿಜನ್ಯ ಕೊಬ್ಬು ಹೆಚ್ಚಿದ್ದೇ ತಡವಾಗಿ. ರಕ್ತನಾಳಗಳು ಕಟ್ಟಿಕೊಳ್ಳಲು ದಶಕಗಳು ಬೇಕು. ಜೊತೆಗೆ ಅಲ್ಲಿ ಹೃದ್ರೋಗದ ಕೆಲವು ಸಾವುಗಳು ಬೇರೆ ಕಾರಣಗಳ ಲೆಕ್ಕಕ್ಕೆ ಹೋಗುತ್ತಿದ್ದವು ಎಂಬುದು ಅವರ ವಾದ.

ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಆರೋಗ್ಯವಾಗಿದ್ದಾರೆ ಎಂಬ ಅಂಕಿಅಂಶಗಳ ಕಥೆಯೂ ಹೀಗೆಯೇ. 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿರುತ್ತಾರೆ ಎಂದು ಬ್ರಿಟನ್ನಿನ ಜೆರಾಲ್ಡ್ ಶೇಪರ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದರು. ರೋಗಿಗಳನ್ನು ಒಂದು ತಕ್ಕಡಿಯಲ್ಲಿ ಕೂರಿಸಿದರೆ ಎದುರಿನ ತಕ್ಕಡಿಯವರು ಆರೋಗ್ಯವಂತರಾಗಿ ಕಾಣದೆ ಇರುತ್ತಾರೆಯೇ?

ಡೆನ್ಮಾರ್ಕಿನ ಅಂಗಡಿಗಳ 35 ಲಕ್ಷ ಬಿಲ್ಲುಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ವೈನ್ ಕೊಳ್ಳುವವರ ಚೀಲದಲ್ಲಿ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಪದಾರ್ಥಗಳು ಹೆಚ್ಚಿದ್ದವು. ಬಿಯರ್ ಕೊಳ್ಳುವವರ ಚೀಲದಲ್ಲಿ ಮಾಂಸದ ಸಾಸೇಜು, ಚಿಪ್ಸು, ಸಕ್ಕರೆಯ ಪಾನೀಯಗಳು. ತರಕಾರಿ ಮಾಡಿದ ಉಪಕಾರ ವೈನಿನ ಖಾತೆಗೆ ಜಮಾ ಆಗಿತ್ತು.

ವೈನಿನಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವೇ ಸಂಜೀವಿನಿ ಎಂದು ಕೆಲಕಾಲ ಪ್ರಚಾರವಾಯಿತು. ಒಂದು ಲೀಟರ್ ಕೆಂಪು ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣವೋ ಎಷ್ಟೋ ಸಲ ದಿನಕ್ಕೆ 500 ಮಿಲಿಗ್ರಾಂ, ಅದಕ್ಕೂ ಹೆಚ್ಚು. ಅಷ್ಟನ್ನು ವೈನಿನಿಂದ ಪಡೆಯಲು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಕುಡಿಯಬೇಕು! ವೈನಿನ ನಾಡಾದ ಇಟಲಿಯ ಕಿಯಾಂಟಿ ಸೀಮೆಯಲ್ಲಿ 65 ದಾಟಿದ 783 ಮಂದಿಯನ್ನು ಒಂಬತ್ತು ವರ್ಷ ಗಮನಿಸಿದರು. ಮೂತ್ರದಲ್ಲಿ ಈ ವಸ್ತುವಿನ ಅಂಶ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಸಾವಿನಲ್ಲಾಗಲಿ, ಹೃದ್ರೋಗದಲ್ಲಾಗಲಿ, ಕ್ಯಾನ್ಸರಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2014ರಲ್ಲಿ.

ಬ್ರಿಟನ್ನಿನ ಮೂರು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಆಧರಿಸಿ 2022ರಲ್ಲಿ ಬಂದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಿತವಾಗಿ ಕುಡಿಯುವವರಲ್ಲಿ ಕಂಡ ಲಾಭದ ಬಹುಪಾಲು ಅವರ ಉಳಿದ ಒಳ್ಳೆಯ ಅಭ್ಯಾಸಗಳದ್ದು. ಕುಡಿತ ಏರಿದಂತೆ ಹೃದಯದ ಅಪಾಯವೂ ಏರುತ್ತದೆ, ಪ್ರಮಾಣ ಹೆಚ್ಚಿದಷ್ಟೂ ಕಡಿದಾಗಿ ಏರುತ್ತದೆ ಎಂದು ಅದು ತೋರಿಸಿತು.

ತಜ್ಞರೆಲ್ಲ ಒಂದೇ ಮಾತು ಆಡುತ್ತಿದ್ದಾರೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅಲ್ಪ ಪ್ರಮಾಣದ ಬಗ್ಗೆ ವಾದ ಮುಗಿದಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿಯೊಂದು 2024ರ ಡಿಸೆಂಬರಿನಲ್ಲಿ, ಮಿತವಾಗಿ ಕುಡಿಯುವವರಲ್ಲಿ ಒಟ್ಟು ಸಾವು ಸ್ವಲ್ಪ ಕಡಿಮೆ, ಸ್ತನ ಕ್ಯಾನ್ಸರ್ ಮಾತ್ರ ಹೆಚ್ಚು ಎಂದು ವರದಿ ಕೊಟ್ಟಿತು. ಆದರೆ ಇದು ಕೂಡ ಜನರನ್ನು ಗಮನಿಸಿ ಹೇಳಿದ್ದು, ಲೇಬಲ್ ಮುಚ್ಚಿ ಪರೀಕ್ಷಿಸಿದ್ದಲ್ಲ. ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಬೇಕಿದ್ದ, 7,800 ಮಂದಿಯ ದೊಡ್ಡ ಪ್ರಯೋಗವೊಂದನ್ನು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ 2018ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟಿತು. ಅದಕ್ಕೆ ಹಣ ಬರುತ್ತಿದ್ದದ್ದು ಮದ್ಯದ ಉದ್ಯಮದಿಂದ ಎಂಬುದು ಹೊರಬಿದ್ದಿತ್ತು.

ಒಂದು ಹೋಲಿಕೆ ಹೇಳಬಹುದು. 1990 ಬೋರ್ಡೊದಲ್ಲಿ ಶ್ರೇಷ್ಠ ಸುಗ್ಗಿಯ ವರ್ಷ. ತಂಪಿನಲ್ಲಿ ಚೆನ್ನಾಗಿಟ್ಟ ಆ ವರ್ಷದ ಒಳ್ಳೆಯ ಬಾಟಲಿ ಇಂದಿಗೂ ಸೊಗಸಾಗಿದೆ. ಅದರ ಮರುವರ್ಷ ಹುಟ್ಟಿದ 'ವೈನ್ ಹೃದಯಕ್ಕೆ ಮದ್ದು' ಎಂಬ ಸಿದ್ಧಾಂತ ಅಷ್ಟು ಚೆನ್ನಾಗಿ ಮಾಗಲಿಲ್ಲ. ಇಟ್ಟಷ್ಟೂ ಹುಳಿಯಾಯಿತು.

ಗಂಟಲು ದಾಟಿದ ಮೇಲೆ

ಈಗ ಲೆಕ್ಕಕ್ಕೆ ಬನ್ನಿ. 750 ಮಿಲಿಲೀಟರಿನ, ಶೇಕಡ 13ರ ಒಂದು ಬಾಟಲಿಯಲ್ಲಿ ಸುಮಾರು 77 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 15 ಗ್ರಾಂ. ನಮ್ಮ ಯಕೃತ್ತು ಅದನ್ನು ಕರಗಿಸುವುದು ಗಂಟೆಗೆ ಸುಮಾರು 7ರಿಂದ 10 ಗ್ರಾಮಿನಂತೆ. ಆಗ ಹುಟ್ಟುವ ಅಸಿಟಾಲ್ಡಿಹೈಡ್ ವಿಷವಸ್ತು, ಜೀವಕೋಶಗಳ ವಂಶವಾಹಿಗೆ ಪೆಟ್ಟು ಕೊಡುವಂಥದ್ದು. ಪೊಯಾಕಿನ ಬಾಟಲಿಯಾಗಲಿ, ಪೇಟೆಯ ಅಗ್ಗದ ಬಾಟಲಿಯಾಗಲಿ, ಈ ಲೆಕ್ಕ ಒಂದೇ. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ, ಇವೆಲ್ಲದರ ಕ್ಯಾನ್ಸರಿಗೂ ಅದಕ್ಕೂ ನಂಟಿದೆ. ಆರೋಗ್ಯದ ದೃಷ್ಟಿಯಿಂದ ಮದ್ಯದ ಯಾವ ಪ್ರಮಾಣವನ್ನೂ ಸುರಕ್ಷಿತ ಎನ್ನಲಾಗದು ಎಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಯಾರನ್ನು ನೋಡಿ ಕಲಿಯಬೇಕೆಂದು ನಮ್ಮ ಯಜಮಾನರು ಹೇಳುತ್ತಾರೋ ಆ ಫ್ರಾನ್ಸಿನಲ್ಲಿ 2015ರಲ್ಲಿ ಮದ್ಯದಿಂದಾದ ಸಾವುಗಳು ಸುಮಾರು 41,000 ಎಂದು ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿದೆ. ವಾರಕ್ಕೆ ಹತ್ತು ಲೋಟ ಮೀರಬೇಡಿ, ದಿನಕ್ಕೆ ಎರಡು ಮೀರಬೇಡಿ, ಕೆಲವು ದಿನ ಮುಟ್ಟಲೇಬೇಡಿ ಎಂದು 2017ರಲ್ಲಿ ಅಲ್ಲಿಯ ತಜ್ಞರು ಹೇಳಿದರು. ಅವರ ಲೆಕ್ಕದ ಲೋಟದಲ್ಲಿರುವುದು 10 ಗ್ರಾಂ ಮದ್ಯಸಾರ, ಎಂದರೆ ಸುಮಾರು 100 ಮಿಲಿಲೀಟರ್ ವೈನ್. ನಮ್ಮ ಮನೆಯ ಸ್ಟೀಲ್ ಲೋಟವಲ್ಲ.

ಉಗುಳುವವರಿಗೂ ಪೂರ್ತಿ ರಿಯಾಯಿತಿ ಇಲ್ಲ ಎಂಬುದನ್ನೂ ಹೇಳಿಬಿಡಬೇಕು. ಬಾಯಿಯ ಒಳಚರ್ಮದಿಂದ ಸ್ವಲ್ಪ ಮದ್ಯಸಾರ ದೇಹ ಸೇರುತ್ತದೆ. ದಿನವೂ ರುಚಿ ನೋಡುವ ವೃತ್ತಿಯವರಲ್ಲಿ ವೈನಿನ ಹುಳಿಯಿಂದ ಹಲ್ಲಿನ ಎನಾಮಲ್ ಸವೆಯುವುದೂ ಕಂಡುಬಂದಿದೆ.

ಪತ್ರಕ್ಕೆ ಉತ್ತರ

ತಾಯಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅದು ಔಷಧವಲ್ಲ. ಕುಡಿಯದೆ 66 ವರ್ಷ ಬಾಳಿದವರು ಹೃದಯದ ಹೆಸರಿನಲ್ಲಿ ಈಗ ಆರಂಭಿಸಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಆ ಲೋಟವಲ್ಲ. ಆ ಲೋಟವನ್ನು ನಂಬಿ ತಪ್ಪಿಹೋದ ವಾಕಿಂಗ್ ಮತ್ತು ಮರೆತುಹೋದ ಮಾತ್ರೆ. ಸ್ಟೆಂಟ್ ಹಾಕಿದ ಮೇಲೆ ಕೊಲೆಸ್ಟರಾಲಿನ ಮಾತ್ರೆ, ಆಸ್ಪಿರಿನ್, ನಡಿಗೆ, ಹಿತಮಿತವಾದ ಊಟ ಜೀವ ಉಳಿಸುತ್ತವೆ ಎಂಬುದು ಮತ್ತೆ ಮತ್ತೆ ಪರೀಕ್ಷೆಯಾಗಿ ಗೆದ್ದ ಮಾತು. ಗೆದ್ದದ್ದನ್ನು ಬಿಟ್ಟು ಸೋತದ್ದನ್ನು ಹಿಡಿಯುವುದು ಜಾಣತನವಲ್ಲ.

ಉಳಿದ ಓದುಗರೂ ಇವನ್ನು ಗಮನಿಸಿ:

ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮದ್ಯವನ್ನೂ ಸೇವಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯ ಜೊತೆ ಸೇರಿದರೆ ರಕ್ತದೊತ್ತಡ ತಟ್ಟನೆ ಕುಸಿಯಬಹುದು. ಮಧುಮೇಹಿಗಳಲ್ಲಿ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಜೊತೆ ಸಕ್ಕರೆಯ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಿದ್ರೆಯ ಮಾತ್ರೆಯ ಜೊತೆ ಮದ್ಯ ಸೇರಲೇಬಾರದು. ಗರ್ಭಿಣಿಯರು ಒಂದು ತೊಟ್ಟನ್ನೂ ಮುಟ್ಟಬಾರದು.

ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ನಾಚಿಕೆಯಿಂದ ಮುಚ್ಚಿಟ್ಟ ಮಾತೇ ಔಷಧದ ಲೆಕ್ಕ ತಪ್ಪಿಸುತ್ತದೆ. ಬಹಳ ಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿರುವವರು ಒಮ್ಮೆಲೇ ತಾವಾಗಿ ನಿಲ್ಲಿಸಲು ಹೋಗಬಾರದು. ನಡುಕ, ಸೆಳವು ಬರಬಹುದು. ವೈದ್ಯರ ನೆರವಿನಿಂದ ಬಿಡಬೇಕು. ಒಂದು ಲೋಟದಲ್ಲಿರುವ ನಮ್ಮ ಯಜಮಾನರು ಇವತ್ತೇ ಬಿಡಬಹುದು.

ದ್ರಾಕ್ಷಿಯ ಗುಣ ಬೇಕೆಂದರೆ ದ್ರಾಕ್ಷಿಯನ್ನೇ ತಿನ್ನಿ. ಪಾಲಿಫೀನಾಲ್‌ಗಳು ನೇರಳೆ ಹಣ್ಣಿನಲ್ಲೂ, ಕಡಲೆಕಾಯಿಯಲ್ಲೂ, ಚಹಾದಲ್ಲೂ, ನಮ್ಮ ರಾಗಿಯ ಹೊಟ್ಟಿನಲ್ಲೂ ಇವೆ. ಇವೂ ಔಷಧಗಳಲ್ಲ, ಒಳ್ಳೆಯ ಆಹಾರ. ಮಧುಮೇಹಿಗಳು ಹಣ್ಣಿನ ಪ್ರಮಾಣ ನೋಡಿಕೊಳ್ಳಬೇಕು.

ಇನ್ನು ಬೀರುವಿನ ಬಾಟಲಿಯ ವಿಷಯ. ದಾವಣಗೆರೆಯ ಬೇಸಿಗೆಯಲ್ಲಿ ಬೀರು ನೆಲಮಾಳಿಗೆಯಾಗದು. ಆ ಶಾಖದಲ್ಲಿ ಹತ್ತು ವರ್ಷ ಇಟ್ಟರೆ ವೈನ್ ಮಾಗುವುದಿಲ್ಲ, ಬೆಂದುಹೋಗುತ್ತದೆ. ಮಗ ಮುಂದಿನ ಸಲ ಬಂದಾಗ ತೆಗೆಯಲಿ. ಪ್ರೀತಿಯಿಂದ ತಂದದ್ದು, ಚೆಲ್ಲಬೇಕೆಂದು ನಾನು ಹೇಳುವುದಿಲ್ಲ. ತಂದೆ ಅದರ ರುಚಿಯನ್ನು ತಿಳಿಯಲೇಬೇಕೆಂದಿದ್ದರೆ ಬೋರ್ಡೊದ ತೀರ್ಪುಗಾರರಂತೆಯೇ ತಿಳಿಯಲಿ. ಅಂಚಿನ ಬಣ್ಣ ನೋಡಲಿ, ನಿಧಾನವಾಗಿ ಮೂಸಲಿ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಉಗುಳಲಿ. ಆಮೇಲೆ ಮಗನ ಜೊತೆ ಕೂತು ಬಾಲ ಎಷ್ಟು ಉದ್ದವಿದೆಯೆಂದು ಎಣಿಸಲಿ. ಆ ವೈನ್ ಕೊಡಬಹುದಾದ ಸುಖದಲ್ಲಿ ಮುಖ್ಯವಾದದ್ದೆಲ್ಲ ಅಷ್ಟರಲ್ಲಿ ಸಿಕ್ಕಿರುತ್ತದೆ.

ಅಲ್ಲಿಯವರೆಗೆ ಮಾತ್ರೆಯ ಡಬ್ಬಿಯನ್ನು ಊಟದ ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಡಿ. ನಾಳೆ ಬೆಳಿಗ್ಗೆ ಅವರೊಬ್ಬರನ್ನೇ ಕಳಿಸಬೇಡಿ, ನೀವೂ ಜೊತೆಗೆ ವಾಕಿಂಗ್ ಹೊರಡಿ.